ವಾರಿಯರ್ ವಿದಿನ್ ನಿಜವಾಗ್ಲೂ ಪ್ರಿನ್ಸ್ ಆಫ್ ಪರ್ಷಿಯಾನ ಕೆಡಿಸ್ತಾ? ಮಳೇಲಿ ಕೂತು ಮತ್ತೆ ಆಡ್ತಾ ಇದೀನಿ, ಬನ್ನಿ ಜಗಳ ಆಡಣ

ಮಂಜು_ಮುಸುಕು:
ನಾಲ್ಕು ದಿನದಿಂದ ಒಂದೇ ಸಮ ಹೊಯ್ತಾ ಇದೆ. ತೋಟಕ್ಕೆ ಹೋದ್ರೆ ಜಿಗಣೆ, ಮನೇಲಿ ಕೂತ್ರೆ ಬೂಷ್ಟು. ಮೊನ್ನೆ ಬೀರು ಒರೆಸೋವಾಗ ಕೆಳಗಡೆ ಖಾನೇಲಿ ಹಳೆ ಸಿಡಿ ಪೌಚ್ ಸಿಕ್ತು, ಅದ್ರಲ್ಲಿ ನನ್ನದೇ ಕೋಳಿಕಾಲು ಅಕ್ಷರದಲ್ಲಿ 'ಪ್ರಿನ್ಸ್ 2' ಅಂತ ಮಾರ್ಕರಲ್ಲಿ ಬರೆದಿದ್ದು. ಸಿಡಿ ಪೂರ್ತಿ ಫಂಗಸ್, ಹಾಕಕ್ಕೆ ಡ್ರೈವೂ ಇಲ್ಲ ಈಗ, ಆದ್ರೆ ತಲೇಲಿ ಹುಳ ಹೊಕ್ಕಾಯ್ತಲ್ಲ, ಸೇಲಲ್ಲಿ ಕಾಸಿಗೆ ಕಡೆಯಾಗಿ ಸಿಕ್ತು ಅಂತ ತಗೊಂಡು ರಾತ್ರಿ ಡೌನ್‌ಲೋಡಿಗೆ ಹಾಕಿ ಮಲ್ಗಿದೆ, ಪುಣ್ಯಕ್ಕೆ ಕರೆಂಟ್ ಹೋಗೋ ಮುಂಚೆ ಇಳಿದಿತ್ತು.

ಈಗ ವಿಷ್ಯಕ್ಕೆ ಬರ್ತೀನಿ. ಪ್ರಿನ್ಸ್ ಆಫ್ ಪರ್ಷಿಯಾ ವಿಡಿಯೋ ಗೇಮ್ ಸೀರೀಸಲ್ಲಿ 2003ರ ಸ್ಯಾಂಡ್ಸ್ ಆಫ್ ಟೈಮ್ ಎಲ್ರಿಗೂ ಇಷ್ಟ. ಬಿಸಿಲು, ಅರಮನೆ, ಗೋಡೆ ಮೇಲೆ ಓಡೋದು, ಜೊತೇಲಿ ರಾಜಕುಮಾರಿ ಫರಾ, ಇಬ್ರೂ ಕಿತ್ತಾಡ್ಕೊಂಡು ಹೋಗೋದು. ಕಥೇನ ಪ್ರಿನ್ಸೇ ಹೇಳ್ತಾ ಇರ್ತಾನೆ, ನಾವು ಬಿದ್ದು ಸತ್ರೆ ಅಯ್ಯೋ ಅದು ಹಂಗಲ್ಲ ಆಗಿದ್ದು ಅಂತ ತಿದ್ತಾನೆ, ನಮ್ಮಜ್ಜಿ ಕಥೆ ಮಧ್ಯೆ ತೂಕಡಿಸಿ ಎದ್ದು ತಿದ್ಕೋತಿದ್ರಲ್ಲ ಹಂಗೆ. ಮುಂದಿನ ವರ್ಷಾನೇ, 2004ರಲ್ಲಿ, ವಾರಿಯರ್ ವಿದಿನ್ ಬಂತು. ಬಿಸಿಲೂ ಇಲ್ಲ ಫರಾನೂ ಇಲ್ಲ, ಕಥೆ ಹೇಳೋ ದನಿ ಇಲ್ಲ, ಬೂದಿ ಬಣ್ಣ, ರಕ್ತ, ಹೆವಿ ಮೆಟಲ್ ಗಿಟಾರು, ಮುಖ ಗಂಟಿಕ್ಕಿದ ಪ್ರಿನ್ಸ್. ಜನ ಬೈದ್ರು. ಮೂಲದಲ್ಲಿ ಈ ಸೀರೀಸ್ ಹುಟ್ಟಿಸಿದ ಜೋರ್ಡನ್ ಮೆಕ್ನರ್ ಕೂಡ ಇದ್ರ ಹಿಂಸೆ, ಕಲಾ ಶೈಲಿ ನಂಗೆ ಹಿಡಿಸ್ಲಿಲ್ಲ ಅಂತ ಬಹಿರಂಗವಾಗೇ ಹೇಳಿದ್ರು, ಈ ಎರಡನೇದ್ರಲ್ಲಿ ಅವರ ಕೈ ಇರ್ಲಿಲ್ಲ.

ನನ್ನ ವಾದ ಏನಂದ್ರೆ ಬಟ್ಟೆ ಬಣ್ಣ ಬಿಟ್ಟು ಒಳಗಡೆ ನೋಡಿ. ಮೊದಲನೇ ಗೇಮಲ್ಲಿ ತಪ್ಪು ಮಾಡಿದ್ರೆ ಟೈಮ್ ಹಿಂದಕ್ಕೆ ತಿರುಗಿಸ್ಬಹುದು, ಕೊನೇಲಿ ಇಡೀ ಕಥೇನೇ ಹಿಂದಕ್ಕೆ ತಿರುಗಿಸಿ ಬಚಾವಾಗ್ತಾನೆ. ಎರಡನೇ ಗೇಮ್ ಕೇಳೋದು ಒಂದೇ, ಆ ಸಾಲ ತೀರಿಸೋರು ಯಾರಪ್ಪ? ಸಾಯ್ಬೇಕಾದೋನು ಬದುಕ್ಬಿಟ್ಟಿದಾನೆ, ವಸೂಲಿಗೆ ದಹಾಕಾ ಅನ್ನೋ ರಾಕ್ಷಸ ಬೆನ್ನು ಹತ್ತಿ ಬಂದಿದಾನೆ. ಏಳು ವರ್ಷ ಓಡಿ ಓಡಿ ಸುಸ್ತಾದೋನ ಮುಖ ಗಂಟಿಕ್ಕದೆ ಇನ್ನೇನು ಮಾಡುತ್ತೆ. ಅಂದ್ರೆ ಫಾರ್ಮುಲಾ ಬದಲಾಯ್ಸಿದ್ದಕ್ಕೆ ಕಾರಣ ಕಥೆಯೊಳಗೇ ಇತ್ತು, ಸುಮ್ನೆ ಗಡ್ಡ ಬಿಡ್ಸಿದ್ದಲ್ಲ. ಬೈಯೋರು ಬೈರಿ.

ಆಮೇಲೆ ಒಂದು ಸಹಾಯ. ಗೇಮಲ್ಲಿ ಅಲ್ಲಲ್ಲಿ ಬಚ್ಚಿಟ್ಟಿರೋ, ಜೀವ ಹೆಚ್ಚಿಸೋ ಲೈಫ್ ಅಪ್‌ಗ್ರೇಡ್ 9ರಲ್ಲಿ 8 ಸಿಕ್ಕಿದೆ, ಒಂಬತ್ತನೇದು ಎಲ್ಲೋ ಬಿಟ್ಟಿದೀನಿ.

ಗೋಣಿಕೊಪ್ಪ_ಗೇಮರ್:
ಬಂದೆ ಜಗಳಕ್ಕೆ. ಅಣ್ಣ ನೀವು ಹೇಳಿದ್ದು ಚೆಂದ ಇದೆ ಆದ್ರೆ ಆಡೋವಾಗ ಅನುಭವಿಸೋದು ತತ್ವ ಅಲ್ಲ, ನಡೆದಿದ್ದೇ ದಾರೀಲಿ ಮತ್ತೆ ನಡೆಯೋದು. ಸ್ಯಾಂಡ್ಸ್ ಆಫ್ ಟೈಮ್ ಒಂದು ನೇರ ದಾರಿ, ಮುಂದಿನ ರೂಮ್ ಏನಿರುತ್ತೋ ಅಂತ ಕುತೂಹಲ ಇರುತ್ತೆ. ಇದ್ರಲ್ಲಿ ಗಾರ್ಡನ್ ಟವರ್‌ಗೆ ಹೋಗು, ವಾಪಸ್ ಬಾ, ಮೆಕಾನಿಕಲ್ ಟವರ್‌ಗೆ ಹೋಗು, ವಾಪಸ್ ಬಾ, ಮಧ್ಯದ ಹಾಲಲ್ಲಿ ನಿಂತು ಯಾವ್ ಬಾಗ್ಲು ಅಂತ ತಲೆ ಕೆರ್ಕೋ. ನಾನು ಸೈಬರಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಆಡ್ತಿದ್ದೋನು, ಅರ್ಧ ದುಡ್ಡು ದಾರಿ ಹುಡುಕೋದ್ರಲ್ಲೇ ಹೋಯ್ತು.

ಮಂಜು_ಮುಸುಕು:
ಸೈಬರ್ ವಿಷ್ಯ ಎತ್ತಬೇಡ ಮಾರಾಯ, ನಂದೂ ಅಲ್ಲೇ ಶುರು. ನಾನು ಮೂರು ವಾರ ಆಡಿ ಉಳಿಸಿಟ್ಟ ಸೇವ್ ಮೇಲೆ ಯಾವನೋ ಪುಣ್ಯಾತ್ಮ ಹೊಸ ಗೇಮ್ ಶುರು ಮಾಡಿ ಒರೆಸಿ ಹಾಕಿದ್ದ. ಅದಕ್ಕೇ ಇವತ್ತಿನವರೆಗೂ ಕೊನೆ ನೋಡಿಲ್ಲ ನಾನು.

ಹೊಸಬ_07:
ಅಣ್ಣ ಕೊನೆ ನೋಡ್ದೇನೇ ಇಷ್ಟುದ್ದ ವಾದ ಮಾಡ್ತಿದೀರಾ 😂

ಮಂಜು_ಮುಸುಕು:
ಯೂಟ್ಯೂಬಲ್ಲೂ ನೋಡಿಲ್ಲ ತಮ್ಮಾ. ಎರಡು ಎಂಡಿಂಗ್ ಇದೆ ಅಂತ ಗೊತ್ತು, ಅಷ್ಟೇ. ಯಾರೂ ಹೇಳ್ಬೇಡಿ.

ಸಿದ್ದಾಪುರದ_ಸಲಗ:
ದಹಾಕಾ ಬಗ್ಗೆ ನಾನೊಂದು ಹೇಳ್ಲೇಬೇಕು. ಹೊರಗಿನೋರಿಗೆ ಅದು ಬರೀ ಗೇಮು, ನಮ್ ಕಡೆಯೋರಿಗೆ ಅದು ಬೆಳಿಗ್ಗೆ ಆರೂವರೆಗೆ ಹಾಲಿಗೆ ಹೋಗೋ ದಾರಿ. ನಮ್ಮ ಲೈನ್ ಮನೆ ತಿರುವಲ್ಲಿ ಒಂಟಿ ಸಲಗ ನಿಂತಿತ್ತು ಒಂದ್ಸಲ, ನಾನು ಕ್ಯಾನ್ ಬಿಸಾಕಿ ಓಡಿದ್ದು ಓಡಿದ್ದೇ, ಹಿಂದೆ ತಿರುಗಿ ನೋಡ್ಲಿಲ್ಲ, ಕಾಫಿ ಗಿಡ ಸೀಳ್ಕೊಂಡು ಬಂದು ಬೀಳೋ ಸದ್ದು ಮಾತ್ರ ಕೇಳ್ತಿತ್ತು. ದಹಾಕಾ ಚೇಸ್ ಬಂದಾಗ ಸ್ಕ್ರೀನ್ ಬಣ್ಣ ಕಳ್ಕೊಳ್ಳುತ್ತಲ್ಲ, ಗಿಟಾರ್ ಶುರುವಾಗುತ್ತಲ್ಲ, ಆವಾಗ ಕ್ಯಾಮೆರಾ ಅವನನ್ನ ತೋರ್ಸಿದ್ರೂ ನಾನು ನೋಡಲ್ಲ, ಮುಂದಿನ ಕಂಬ ಎಲ್ಲಿದೆ ಅಷ್ಟೇ. ಅದೇ ಗೋಡೆ ಓಟ, ಅದೇ ಕಂಬ ಹಾರೋದು, ಮೊದಲನೇ ಗೇಮಲ್ಲಿ ನಿಂತು ಯೋಚ್ನೆ ಮಾಡಿ ಬಿಡಿಸ್ತಿದ್ದ ಒಗಟು, ಇಲ್ಲಿ ಜೀವ ಕೈಲಿ ಹಿಡ್ಕೊಂಡು ಬಿಡಿಸ್ಬೇಕು. ನನ್ ಪ್ರಕಾರ ಇಡೀ ಸೀರೀಸಲ್ಲಿ ಇದಕ್ಕಿಂತ ಒಳ್ಳೆ ಪ್ಲಾಟ್‌ಫಾರ್ಮಿಂಗ್ ಇಲ್ಲ.

ಸಂಪಾಜೆ_ಘಾಟಿ:
ದಹಾಕಾ ನೀರು ದಾಟುದಿಲ್ಲ, ಆನೆ ದಾಟ್ತದೆ. ಅಷ್ಟೇ ವ್ಯತ್ಯಾಸ.

ಸಿದ್ದಾಪುರದ_ಸಲಗ:
ಹೌದು ಮಾರಾಯ ಅದೇ ಸಮಸ್ಯೆ

ಸಂಪಾಜೆ_ಘಾಟಿ:
ಆದ್ರೆ ಆ ನೀರಿನ ವಿಷಯ ಗಮನಿಸಿದ್ದೀರಾ ಯಾರಾದ್ರೂ? ಗೇಮ್ ಸೇವ್ ಮಾಡುದು ಕಾರಂಜಿ ಹತ್ರ. ಜೀವ ತುಂಬುದು ನೀರು ಕುಡಿದು. ಕಾಲದ ಬಾಗಿಲಿರುವ ಕೋಣೆಗೆ ಹೋಗ್ಲಿಕ್ಕೆ ನೀರಿನ ಪರದೆ ಉಂಟು, ಅದರ ಆಚೆ ಹೋದ್ರೆ ದಹಾಕಾ ಅಲ್ಲಿಗೇ ನಿಲ್ತಾನೆ. ಯಾರೂ ಬಾಯಿಬಿಟ್ಟು ಪಾಠ ಮಾಡುದಿಲ್ಲ, ಆಡ್ತಾ ಆಡ್ತಾ ನೀರಂದ್ರೆ ಕ್ಷೇಮ ಅಂತ ಕೈಗೇ ಗೊತ್ತಾಗಿ ಹೋಗ್ತದೆ. ಇದನ್ನ ಯೋಚಿಸಿದವ ಬುದ್ಧಿವಂತ. ಜುಲೈ ತಿಂಗಳಲ್ಲಿ ಇಲ್ಲಿ ಕೂತು ಆಡುವವನಿಗೆ ನೀರಂದ್ರೆ ಕ್ಷೇಮ ಅಂತ ಅನ್ಸುದು ಸ್ವಲ್ಪ ಕಷ್ಟ, ಅದು ಬೇರೆ.

ಅರೇಬಿಕಾ_ಅಕ್ಕ:
ನಾನು ವಿರಾಜಪೇಟೆ, ಈಗ ಬೆಂಗಳೂರಲ್ಲಿ, ಹಂಗಾಗಿ ಕರೆಂಟ್ ಇದೆ, ಉದ್ದ ಬರೀತೀನಿ.

ಬಟ್ಟೆ ಬಣ್ಣ ಬಿಟ್ಟು ನೋಡಿ ಅಂದ್ರಲ್ಲ, ಯಾಕೆ ಬಿಡ್ಬೇಕು? ಬಟ್ಟೆನೇ ವಿಷ್ಯ. ವಾರಿಯರ್ ವಿದಿನಲ್ಲಿ ಬರೋ ಹೆಂಗಸ್ರು ಕೈಲೀನಾ, ಶಾದೀ ಇಬ್ರಿಗೂ ಹಾಕ್ಸಿರೋ ಬಟ್ಟೆ ನೋಡಿ, ಕ್ಯಾಮೆರಾ ಎಲ್ಲಿ ನಿಲ್ಲುತ್ತೆ ನೋಡಿ. ನಾನು ಆಗ ಪಿಯುಸಿ, ಕಸಿನ್ಸ್ ಜೊತೆ ಕೂತು ಆಡ್ತಿದ್ದೆ, ಆ ಸೀನ್ ಬಂದ್ರೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡ್ಕೊಂಡು ಬರ್ತಿದ್ದೆ, ನನ್ನ ಸೇವ್ ಪಾಯಿಂಟ್ ಅದು. ಸ್ಯಾಂಡ್ಸ್ ಆಫ್ ಟೈಮಲ್ಲಿ ಫರಾ ಅಂದ್ರೆ ಭಾರತದ ಮಹಾರಾಜನ ಮಗಳು, ಬಿಲ್ಲು ಹಿಡಿದು ಗೋಡೆ ಬಿರುಕಲ್ಲಿ ತೂರ್ಕೊಂಡು ಹೋಗಿ ಆ ಕಡೆ ಲಿವರ್ ಎಳೀತಾಳೆ, ಅವಳಿಲ್ಲ ಅಂದ್ರೆ ಪ್ರಿನ್ಸಿಗೆ ಎಷ್ಟೋ ಕಡೆ ಮುಂದಕ್ಕೆ ಹೋಗಕ್ಕೇ ಆಗಲ್ಲ. ಅವನ ಅಪ್ಪ ನಮ್ ದೇಶದ ಅರಮನೆ ಲೂಟಿ ಮಾಡಿದ್ದು, ಇವಳು ಸೆರೆಯಾಗಿ ಬಂದೋಳು, ಆ ಸಿಟ್ಟು, ಅನುಮಾನ, ಆಮೇಲೆ ನಂಬಿಕೆ, ಎಲ್ಲಾ ಆ ಮಾತುಕತೇಲೇ ಬರುತ್ತೆ. ಮುಂದಿನ ಗೇಮಲ್ಲಿ ಇದನ್ನೆಲ್ಲ ಗುಡಿಸಿ ಆಚೆ ಹಾಕಿ ಕೊಟ್ಟಿದ್ದೇನು? ಪ್ರಿನ್ಸಿಗೆ ಇನ್ನೊಂದು ಕತ್ತಿ.

ಕಥೆಗೆ ಕಾರಣ ಇತ್ತು ಅನ್ನೋದು ಒಪ್ತೀನಿ. ಆದ್ರೆ ಭಯ ಬಿದ್ದು ಏಳು ವರ್ಷ ಓಡಿದ ಮನುಷ್ಯ ಹಂಗೆ ಕಿರುಚಾಡ್ತಾನಾ? ಅವನು ಕುಗ್ಗಿ ಹೋಗಿರ್ಬೇಕಿತ್ತು. ದನಿ ಕೊಟ್ಟೋರನ್ನೂ ಬದಲಾಯ್ಸಿದ್ರು, ಮೂರನೇದಕ್ಕೆ ಮತ್ತೆ ಮೊದಲಿನ ಯೂರಿ ಲೋವೆಂಥಾಲ್‌ನೇ ಕರ್ಕೊಂಡು ಬಂದ್ರು. ಅದ್ರಲ್ಲೇ ಅರ್ಥ ಮಾಡ್ಕೊಳ್ಳಿ.

ಗೋಣಿಕೊಪ್ಪ_ಗೇಮರ್:
ಅಕ್ಕ ಬಂದ್ರು, ಮುಗೀತು 🙏

ಮಂಜು_ಮುಸುಕು:
ಅಕ್ಕ, ಬಟ್ಟೆ ವಿಷ್ಯದಲ್ಲಿ ಸೋತೆ. ಪಕ್ಕದಲ್ಲಿ ಅಕ್ಕನ ಮಗ ಕೂತಿದಾನೆ ಆಡೋದು ನೋಡ್ತಾ, ಆ ಸೀನ್‌ಗಳಲ್ಲಿ ನಾನೇ ಎಸ್ಕೇಪ್ ಒತ್ತಿ ಮುಂದೆ ಹೋಗ್ತಾ ಇದೀನಿ, ಇನ್ನೇನು ಹೇಳ್ಲಿ.

ಕುಶಾಲನಗರ_ಕೀಬೋರ್ಡ್:
ಫೈಟಿಂಗ್ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ. ಸ್ಯಾಂಡ್ಸ್ ಆಫ್ ಟೈಮ್ ಹೊಗಳೋರೆಲ್ಲ ಅದ್ರ ಫೈಟ್ ಮರೆತುಬಿಟ್ಟಿದಾರೆ, ಒಬ್ಬನ ತಲೆ ಮೇಲಿಂದ ಹಾರು, ಹೊಡಿ, ಬಿದ್ದೋನಿಗೆ ಕಠಾರಿ ಚುಚ್ಚಿ ಮರಳು ಎಳ್ಕೋ, ಅಷ್ಟೊತ್ತಿಗೆ ಇನ್ನಿಬ್ರು ಹುಟ್ಕೊಂಡಿರ್ತಾರೆ, ಕೊಯ್ಲಲ್ಲಿ ಒಂದು ಗಿಡ ಮುಗಿಸೋ ಹೊತ್ತಿಗೆ ಪಕ್ಕದ್ದು ಹಣ್ಣಾದಂಗೆ. ವಾರಿಯರ್ ವಿದಿನಲ್ಲಿ ಎಡಗೈಗೆ ಸಿಕ್ಕ ಆಯುಧ ಎತ್ಕೋಬಹುದು, ಅದು ಸವೆದು ಮುರಿಯುತ್ತೆ, ಮುರಿಯೋ ಮುಂಚೆ ಎಸೀಬಹುದು, ಕಂಬ ಹಿಡ್ಕೊಂಡು ಸುತ್ತಿ ಹೊಡೀಬಹುದು, ಒಬ್ಬನ್ನ ಹಿಡ್ಕೊಂಡು ಇನ್ನೊಬ್ಬನ ಮೇಲೆ ದಬ್ಬಬಹುದು. ಗೋಡೆ ಹತ್ತೋದು ಬೇರೆ ಫೈಟ್ ಬೇರೆ ಅಂತಿದ್ದಿದ್ದು ಇಲ್ಲಿ ಒಂದೇ ಆಯ್ತು. ಇದನ್ನ ಬದಲಾಯ್ಸಿದ್ದು ತಪ್ಪು ಅನ್ನೋರು ಮೊದಲನೇದ್ರ ಆ ಲಿಫ್ಟ್ ಫೈಟ್ ಇನ್ನೊಂದ್ಸಲ ಆಡ್ಕೊಂಡು ಬಂದು ಮಾತಾಡಿ.

ಗೋಣಿಕೊಪ್ಪ_ಗೇಮರ್:
ಲಿಫ್ಟ್ ಫೈಟ್ ನೆನಪಿಸ್ಬೇಡ ಗುರುವೇ, ಇವತ್ತಿಗೂ ಕೈ ನೋಯುತ್ತೆ

ಸಂಪಾಜೆ_ಘಾಟಿ:
ನಾನು ಇನ್ನೂ ಹಿಂದಕ್ಕೆ ಹೋಗ್ತೇನೆ. ನೀವೆಲ್ಲ ಸ್ಯಾಂಡ್ಸ್ ಆಫ್ ಟೈಮನ್ನೇ ಫಾರ್ಮುಲಾ ಅಂತ ಹಿಡ್ಕೊಂಡಿದ್ದೀರಿ, ಅದೂ ಒಂದು ಬದಲಾವಣೆಯೇ ಆಗಿತ್ತಲ್ಲ. 1989ರ ಮೊದಲ ಪ್ರಿನ್ಸ್ ಆಡಿದವರು ಯಾರಿದ್ದೀರಿ? ನಮ್ಮ ಮಾವನ ಆಫೀಸಿನ ಕಂಪ್ಯೂಟರಲ್ಲಿ ಇತ್ತು, ಡಾಸ್, ಕಪ್ಪು ಪರದೆ, ಮೌಸೂ ಬೇಡ. ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ ಓಡಿಸಿ ಹಾರಿಸಿ ವಿಡಿಯೋ ತೆಗೆದು, ಒಂದೊಂದೇ ಫ್ರೇಮ್ ನೋಡಿ ಚಿತ್ರ ಮಾಡಿದ್ದು, ಅದಕ್ಕೇ ಅವ ಓಡಿ ನಿಲ್ಲುವಾಗ ನಿಜದ ಮನುಷ್ಯನ ಹಾಗೆ ಎರಡು ಹೆಜ್ಜೆ ಜಾರ್ತಾನೆ. ಒಟ್ಟು 60 ನಿಮಿಷ, ಅಷ್ಟರೊಳಗೆ ರಾಜಕುಮಾರಿನ ಬಿಡಿಸ್ಬೇಕು. ಟೈಮ್ ಹಿಂದೆ ತಿರುಗಿಸುದು ಗಿರುಗಿಸುದು ಎಂಥದೂ ಇಲ್ಲ. ಮುಳ್ಳಿಗೆ ಬಿದ್ರೆ ಸತ್ತ, ಗಡಿಯಾರ ಮಾತ್ರ ಓಡ್ತಾ ಇರ್ತದೆ.

ಈಗ ಹೇಳಿ, ಬೆನ್ನ ಹಿಂದೆ ಕಾಲ ಅಟ್ಟಿಸ್ಕೊಂಡು ಬರುದು ಯಾವ ಗೇಮಲ್ಲಿ ಮೊದಲು ಬಂದದ್ದು? ದಹಾಕಾ ಅಂದ್ರೆ ಆ 60 ನಿಮಿಷದ ಗಡಿಯಾರಕ್ಕೆ ಕೊಂಬು ಬಂದದ್ದು, ಅಷ್ಟೆ.

ಇನ್ನೊಂದು ಉಂಟು. ನಾಲ್ಕನೇ ಲೆವೆಲಲ್ಲಿ ಒಂದು ಕನ್ನಡಿ ಅಡ್ಡ ಬರ್ತದೆ, ಅದನ್ನ ಒಡ್ಕೊಂಡು ಹಾರ್ಬೇಕು, ಹಾರಿದ್ರೆ ಇವನದ್ದೇ ನೆರಳು ಆಚೆ ಕಡೆ ಓಡಿ ಹೋಗ್ತದೆ. ಐದನೇ ಲೆವೆಲಲ್ಲಿ ನಮಗಿಂತ ಮೊದಲೇ ಬಂದು ಔಷಧಿ ಕುಡಿದು ಹೋಗ್ತಾನೆ, ಆರನೇದರಲ್ಲಿ ನಾವು ಹಾರುವಾಗ ಗೇಟ್ ಹಾಕಿ ಬೀಳಿಸ್ತಾನೆ. ಹನ್ನೆರಡನೇದರಲ್ಲಿ ಎದುರಿಗೆ ಕತ್ತಿ ಹಿಡಿದು ನಿಲ್ತಾನೆ, ಅವನಿಗೆ ಹೊಡೆದ್ರೆ ನಮ್ಮ ಜೀವವೇ ಕಮ್ಮಿ ಆಗ್ತದೆ. ಏನು ಮಾಡ್ಬೇಕು ಹೇಳಿ? ಕತ್ತಿ ಒಳಗೆ ಹಾಕಿ ಸುಮ್ಮನೆ ಅವನತ್ತ ನಡೀಬೇಕು, ಇಬ್ಬರೂ ಒಂದಾಗ್ತಾರೆ. ನಮಗೆ ಹೇಳಿ ಕೊಡುವವರು ಯಾರೂ ಇರ್ಲಿಲ್ಲ, ಎರಡು ತಿಂಗಳು ನನ್ನನ್ನೇ ನಾನು ಕೊಂದುಕೊಂಡಿದ್ದೇನೆ.

ಹೊಸಬ_07:
ಇದು ಗೊತ್ತೇ ಇರ್ಲಿಲ್ಲ, ರೋಮಾಂಚನ ಆಯ್ತು

ಮಂಜು_ಮುಸುಕು:
ಘಾಟಿ ಅಣ್ಣ ಕಾಲಿಗೆ ಬಿದ್ದೆ. ನಾನು ಹೇಳಕ್ಕೆ ಒದ್ದಾಡ್ತಿದ್ದಿದ್ದು ಇದೇ. ವಾರಿಯರ್ ವಿದಿನಲ್ಲಿ ಶುರುವಲ್ಲಿ ಒಂದು ಕಪ್ಪು ಆಕೃತಿ ಕಾಣ್ಸುತ್ತಲ್ಲ, ದೂರದಿಂದ ನಮ್ಮ ಕಡೆ ಕೊಡಲಿ ಎಸೆಯುತ್ತೆ, ಶತ್ರು ಅನ್ಕೋತೀವಿ. ಆಮೇಲೆ ಅರ್ಧಕ್ಕಿಂತ ಮುಂದೆ ಹೋದ್ಮೇಲೆ ಆ ಆಕೃತಿ ಆಗಿಸೋ ಮುಖವಾಡ ನಾವೇ ಹಾಕ್ಕೋತೀವಿ, ಅದೇ ರೂಮಿಗೆ ಆ ಕಡೆ ಬಾಲ್ಕನಿಯಿಂದ ಬರ್ತೀವಿ, ಕೆಳಗೆ ನೋಡಿದ್ರೆ ನಾವೇ ನಿಂತಿದೀವಿ! ಆ ಕೊಡಲಿ ಎಸೆದಿದ್ದು ಪ್ರಿನ್ಸಿನ ಮೇಲಲ್ಲ, ಅವನ ಹಿಂದೆ ಬರ್ತಿದ್ದೋನ ಮೇಲೆ. ಸೈಬರಲ್ಲಿ ಇಲ್ಲಿಗೆ ಬಂದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ, ಸೈಬರ್ ಅಣ್ಣ ಟೈಮ್ ಮುಗೀತಾ ಅಂದ್ರು.

ಗೋಣಿಕೊಪ್ಪ ತಮ್ಮ ವಾಪಸ್ ವಾಪಸ್ ಅದೇ ರೂಮ್ ಅಂದಿದ್ದು ಇದಕ್ಕೇ ಬೇಕಾಗಿತ್ತು ಅಲ್ವಾ. ರೂಮ್ ಪರಿಚಯ ಇಲ್ದಿದ್ರೆ ಅದೇ ರೂಮಿಗೆ ಇನ್ನೊಬ್ಬನಾಗಿ ಬಂದಿದೀನಿ ಅಂತ ಹೆಂಗೆ ಗೊತ್ತಾಗುತ್ತೆ? ಪಾಳುಬಿದ್ದ ಕೋಟೆ, ಕಾಲದ ಬಾಗ್ಲು ದಾಟಿದ್ರೆ ಅದೇ ಕೋಟೆ ಹೊಚ್ಚ ಹೊಸದು, ಈಗ ಸೇತುವೆ ಬಿದ್ದಿದೆ ಆಗ ಇತ್ತು, ಈಗ ಗೋಡೆ ಬಿರುಕು ಬಿಟ್ಟಿದೆ ಅದ್ರಲ್ಲಿ ತೂರ್ಬಹುದು. ನಮ್ ಕಡೆ 2018ರ ಮಳೇಲಿ ಗುಡ್ಡ ಜರಿದು ಎಷ್ಟೋ ದಾರಿ ಹೋಯ್ತಲ್ಲ, ಈಗ್ಲೂ ಆ ಕಡೆ ಗಾಡಿ ಓಡಿಸೋವಾಗ ಕೈ ಹಳೆ ತಿರುವಿಗೇ ಹೋಗುತ್ತೆ. ಆ ತರ.

ಗೋಣಿಕೊಪ್ಪ_ಗೇಮರ್:
ಸರಿ ಸರಿ, ಕಾರಣ ಇದೆ ಅಂತ ಒಪ್ಕೋತೀನಿ. ಆದ್ರೂ ದಾರಿ ತಪ್ಪೋದು ದಾರಿ ತಪ್ಪೋದೇ. ಕಾರಣ ಒಳ್ಳೇದಿದ್ರೆ ಬೋರ್ ಆಗಿದ್ದು ಬೋರ್ ಆಗಿಲ್ಲ ಅಂತ ಆಗಲ್ವಲ್ಲ.

ಅರೇಬಿಕಾ_ಅಕ್ಕ:
ಇದಕ್ಕೆ ಉತ್ತರ ಸಿಗಕ್ಕೆ 20 ವರ್ಷ ಬೇಕಾಯ್ತು. 2024ರ ಜನವರೀಲಿ ಬಂದ ದಿ ಲಾಸ್ಟ್ ಕ್ರೌನ್ ಆಡಿದೀರಾ? ಅದೂ ಫಾರ್ಮುಲಾ ಮುರಿದ ಗೇಮೇ. ಪಕ್ಕದಿಂದ ನೋಡೋ 2ಡಿ ಓಟಕ್ಕೆ ವಾಪಸ್ ಹೋಯ್ತು, ಹೀರೋ ಪ್ರಿನ್ಸೇ ಅಲ್ಲ, ಸಾರ್ಗೋನ್ ಅನ್ನೋ ಯೋಧ, ಪ್ರಿನ್ಸನ್ನ ಯಾರೋ ಎತ್ಕೊಂಡು ಹೋಗಿರ್ತಾರೆ, ಹುಡ್ಕೋದೇ ಇವನ ಕೆಲಸ. ಟ್ರೇಲರ್ ಬಂದಾಗ ಇದೇ ಜನ ಇದೇ ತರ ಬೈದಿದ್ರು. ಅದೂ ಹೋದ ದಾರೀಲೇ ಮತ್ತೆ ಮತ್ತೆ ಹೋಗೋ ಗೇಮು, ಆದ್ರೆ ಒಂದು ಬಟನ್ ಒತ್ತಿದ್ರೆ ಎದುರಿಗಿರೋ ಜಾಗದ ಫೋಟೋ ತೆಗೆದು ಮ್ಯಾಪ್ ಮೇಲೇ ಅಂಟಿಸುತ್ತೆ. ಈಗ ಹತ್ತಕ್ಕಾಗಲ್ಲ, ಶಕ್ತಿ ಬಂದ್ಮೇಲೆ ಬರ್ತೀನಿ ಅಂತ ಗುರುತು. ಇಷ್ಟೇ ಬೇಕಿತ್ತು ವಾರಿಯರ್ ವಿದಿನಿಗೂ. ಇನ್ನೊಂದು ಖುಷಿ, ಅದ್ರಲ್ಲಿ ಫಾರ್ಸಿ ಭಾಷೆ ಡಬ್ಬಿಂಗ್ ಇದೆ. ಪರ್ಷಿಯಾ ಅಂತ ಹೆಸರಿಟ್ಕೊಂಡು ಮೂವತ್ನಾಲ್ಕು ವರ್ಷ ಇಂಗ್ಲಿಷಲ್ಲಿ ಬೈದಾಡಿದ್ಮೇಲೆ.

ಹೊಸಬ_07:
ಕನ್ನಡದಲ್ಲಿ ಯಾವಾಗ ಅಕ್ಕ

ಪಾಪುಟ್ಟು_ಪ್ರಿಯ:
ದಹಾಕಾಗೆ ಕೊಡವ ತಕ್ಕಲ್ಲಿ ದನಿ ಕೊಡಕ್ಕೆ ನಾನು ರೆಡಿ. ನಮ್ಮ ದೊಡ್ಡಪ್ಪ ಇನ್ನೂ ರೆಡಿ.

ಕುಶಾಲನಗರ_ಕೀಬೋರ್ಡ್:
2008ರದ್ದೂ ಸೇರ್ಸಿ, ಬರೀ ಪ್ರಿನ್ಸ್ ಆಫ್ ಪರ್ಷಿಯಾ ಅಂತಾನೇ ಹೆಸ್ರು. ಅದ್ರಲ್ಲಿ ಸಾಯಕ್ಕೇ ಆಗಲ್ಲ, ಬಿದ್ರೆ ಎಲಿಕಾ ಕೈ ಹಿಡಿದು ಎತ್ತಿ ಹಾಕ್ತಾಳೆ. ಅದಕ್ಕೂ ಬೈದ್ರು, ಇಷ್ಟು ಸುಲಭನಾ ಅಂತ. ಕಷ್ಟ ಮಾಡಿದ್ರೂ ಬೈತಾರೆ, ಸುಲಭ ಮಾಡಿದ್ರೂ ಬೈತಾರೆ.

ಪಾಪುಟ್ಟು_ಪ್ರಿಯ:
ಇದು ಬರೀ ಪ್ರಿನ್ಸ್ ಕಥೆ ಅಲ್ಲ. ಮಾರಿಯೋ 2 ನೋಡಿ. ಜಪಾನಲ್ಲಿ 1986ರಲ್ಲಿ ಬಂದ ಎರಡನೇ ಮಾರಿಯೋ ಸಿಕ್ಕಾಪಟ್ಟೆ ಕಷ್ಟ ಅಂತ ಅಮೆರಿಕದೋರು ಬೇಡ ಅಂದ್ರು. ಆಮೇಲೆ ಡೋಕಿ ಡೋಕಿ ಪ್ಯಾನಿಕ್ ಅಂತ ಬೇರೇನೇ ಗೇಮ್ ತಗೊಂಡು ಮುಖ ಬದಲಾಯ್ಸಿ 1988ರಲ್ಲಿ ಅದನ್ನೇ ಮಾರಿಯೋ 2 ಅಂತ ಮಾರಿದ್ರು. ತಲೆ ಮೇಲೆ ಹಾರಿದ್ರೆ ಶತ್ರು ಸಾಯಲ್ಲ, ನಾವು ಅವನ ಮೇಲೆ ಸವಾರಿ ಹೋಗ್ತೀವಿ! ನೆಲದಿಂದ ಗಡ್ಡೆ ಕಿತ್ತು ಎಸೀಬೇಕು. ನಾನು ಮೊದಲ ಸಲ ಆಡಿದಾಗ ನಮ್ಮಪ್ಪ ನೋಡಿ, ಶುಂಠಿ ಕೀಳಕ್ಕೆ ಕರೆದ್ರೆ ಬರಲ್ಲ ಇಲ್ಲಿ ಕೂತು ಕೀಳ್ತಾ ಇದಾನೆ ಅಂದ್ರು. ಆದ್ರೆ ಆ ಬೇರೆ ಗೇಮಿಂದ ಬಂದ ಶೈ ಗೈ, ಬರ್ಡೋ ಎಲ್ಲ ಇವತ್ತಿಗೂ ಮಾರಿಯೋ ಮನೆಯೋರೇ. ಬೀಗರಾಗಿ ಬಂದು ಮನೇಲೇ ಉಳ್ಕೊಂಡ್ರು.

ಸಿದ್ದಾಪುರದ_ಸಲಗ:
ಶುಂಠಿ 😂😂 ನಿಮ್ಮಪ್ಪಂಗೆ ನನ್ನ ನಮಸ್ಕಾರ ಹೇಳಿ

ಅರೇಬಿಕಾ_ಅಕ್ಕ:
ಮಂಜು, ಒಂಬತ್ತನೇದು ಸಿಕ್ತಾ? ಬರೀ ಜೀವ ಜಾಸ್ತಿ ಆಗೋದಕ್ಕಲ್ಲ ಅದು ಬೇಕಾಗಿರೋದು, ಅಷ್ಟು ಮಾತ್ರ ಹೇಳ್ತೀನಿ.

ಗೋಣಿಕೊಪ್ಪ_ಗೇಮರ್:
ಒಂಬತ್ತೂ ಹುಡುಕಿ ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಮೂರನೇ ಗೇಮ್, 2005ರ ಟೂ ಥ್ರೋನ್ಸಲ್ಲಿ ಶುರುವಲ್ಲೇ ಏನು ಮಾಡ್ತಾರೆ ಅಂತ ಹೇಳ್ಬಿಡ್ಲಾ

ಮಂಜು_ಮುಸುಕು:
ಬೇಡ!! ಬಾಯಿ ಮುಚ್ಚು ಮಾರಾಯ. ಈಗ ಯುಪಿಎಸ್ ಮೇಲೆ ಆಡ್ತಾ ಇದೀನಿ, ಗಾರ್ಡನ್ ಟವರ್ ಕಡೆ ಎಲ್ಲ ಮೂಲೆ ನೋಡಾಯ್ತು. ಅಕ್ಕನ ಮಗ ಒಂದು ಗೋಡೆ ತೋರ್ಸಿ ಮಾಮ ಅಲ್ಲಿ ಬಿರುಕಿದೆ ಅಂತಾನೆ, ನಂಗೆ ಕಾಣ್ಲೇ ಇಲ್ಲ ಇಷ್ಟು ಹೊತ್ತು. ಒಳಗಡೆ ಓಣಿ ಇದೆ, ನೆಲದಲ್ಲಿ ಮುಳ್ಳು, ಗೋಡೇಲಿ ತಿರುಗೋ ಬ್ಲೇಡು. ಇಂಥ ಓಣಿ ಇದ್ರೆ ಕೊನೇಲಿ ಲೈಫ್ ಇದ್ದೇ ಇರುತ್ತೆ. ಕಾರಂಜಿ ಎರಡು ರೂಮ್ ಹಿಂದೆ ಇದೆ, ಸೇವ್ ಮಾಡ್ಕೊಂಡು ಬರ್ಲಾ ಅಥ್ವಾ ಹಂಗೇ ನುಗ್ಲಾ? ಯುಪಿಎಸ್ ಕೂಗ್ತಾ ಇದೆ

ಸಂಪಾಜೆ_ಘಾಟಿ:
ಸೇವ್ ಮಾಡಿ ಮಾರಾಯ್ರೇ

ಅರೇಬಿಕಾ_ಅಕ್ಕ:
ಸೇವ್!!

ಗೋಣಿಕೊಪ್ಪ_ಗೇಮರ್:
ನುಗ್ಗಿ ಅಣ್ಣ

ಹೊಸಬ_07:
ಅಣ್ಣ ಏನಾಯ್ತು

ಹೊಸಬ_07:
ಅಣ್ಣಾ?

ಸಿದ್ದಾಪುರದ_ಸಲಗ:
ಅವರ ಕಡೆ ಲೈನ್ ಮೇಲೆ ಸಿಲ್ವರ್ ಮರ ಬಿದ್ದಿದೆಯಂತೆ, ನಮ್ ಲೈನ್‌ಮನ್ ಗ್ರೂಪಲ್ಲಿ ಹಾಕಿದಾರೆ. ಟವರೂ ಸತ್ತಿರುತ್ತೆ. ನಾಳೆ ಮಧ್ಯಾಹ್ನದ ತನಕ ಕಾಯ್ರಿ.

ಗೋಣಿಕೊಪ್ಪ_ಗೇಮರ್:
ನಾನು ನುಗ್ಗಿ ಅಂದಿದ್ದನ್ನ ಅವರು ಓದಿರಲ್ಲ ಅನ್ಕೋತೀನಿ